ಮೌನಿಯ ಮೇಲೊಂದು ಸೇಡು

"ಮೊದಲು ಇವರನ್ನ ಮನೆಗೆ ಕಳಿಸಿ ಸರ್!"

ಸರ್ವರ್ ರೂಮಿನ ಗಾಜಿನ ಬಾಗಿಲಾಚೆ ನಿಂತಿದ್ದ ಅವಳ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಉಳಿದದ್ದೆಲ್ಲ ಯಂತ್ರಗಳ ಗುಂಯ್‌ಗುಡುವ ಸದ್ದಿನಲ್ಲಿ ಮುಳುಗಿಹೋಯಿತು.

ಆ ಮಾತಾಡಿದವನು ನೆಟ್‌ವರ್ಕ್ ಇಂಜಿನಿಯರ್. ಬೆಳಗ್ಗೆಯಿಂದ ಸಂಜೆವರೆಗೆ ನಾಲ್ಕು ಮಾತಾಡಿದರೆ ಹೆಚ್ಚು ಎಂದು ಆಸ್ಪತ್ರೆಯವರೆಲ್ಲ ಅವನಿಗೆ 'ಮೌನಿ' ಎಂದು ಹೆಸರಿಟ್ಟಿದ್ದರು.

ಅವಳು ಕಾಲೇಜಿನಿಂದ ಒಂದು ವರ್ಷದ ತರಬೇತಿಗೆಂದು ಆಸ್ಪತ್ರೆಯ ಐ.ಟಿ. ವಿಭಾಗಕ್ಕೆ ಬಂದ ಹುಡುಗಿ. ಆ ದಿನ ಬೆಳಗ್ಗೆ ಹಳೆಯ ಕೇಬಲ್ ಒಂದನ್ನು ತೆಗೆಯಲು ಹೋಗಿ, ಪಕ್ಕದ್ದನ್ನು ಎಳೆದುಬಿಟ್ಟಿದ್ದಳು. ಅಷ್ಟೇ! ಹೊರರೋಗಿಗಳ ನೋಂದಣಿ ಕೌಂಟರಿನ ಕಂಪ್ಯೂಟರುಗಳೆಲ್ಲ ಸತ್ತವು. ಸಾಲಿನಲ್ಲಿ ನಿಂತವರು ಕೂಗಾಡಿದರು.

ಮೌನಿ ಓಡಿಬಂದು ಅವಳ ಕೈಯಿಂದ ಕೇಬಲ್ ತೆಗೆದುಕೊಂಡಿದ್ದ. ಇಬ್ಬರ ಬೆರಳುಗಳೂ ತಾಗಿದವು. ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಆಮೇಲೆ ಮ್ಯಾನೇಜರ್ ಬಂದು ಅವಳನ್ನು ಬಾಗಿಲಾಚೆ ನಿಲ್ಲಿಸಿದಾಗ, ಅವರ ಕಡೆ ತಿರುಗಿ ಆ ಮಾತಾಡಿದ.

ಮನೆಗೆ ಕಳಿಸಬೇಕಂತೆ! ನನ್ನ ಮೇಲೆ ಇವನಿಗೆ ಎಂಥ ದ್ವೇಷ?

ಮರುದಿನವೇ ಅವಳನ್ನು ಸರ್ವರ್ ರೂಮಿನಿಂದ ತೆಗೆದು ಹೆಲ್ಪ್‌ಡೆಸ್ಕಿಗೆ ಹಾಕಿದರು. ಕಿವಿಗೊಂದು ಹೆಡ್‌ಫೋನ್, ಕಣ್ಣೆದುರು ಒಂದು ಪರದೆ. "ನನ್ನ ಪಾಸ್‌ವರ್ಡ್ ಮರೆತೋಯ್ತು", "ಪ್ರಿಂಟರ್ ಕಾಗದ ನುಂಗಿಬಿಡ್ತು" ಎನ್ನುವವರ ಗೋಳು ಕೇಳುವ ಕೆಲಸ.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು. "ಯಾಕೆ ಮುಖ ಊದಿಸ್ಕೊಂಡಿದ್ದೀಯ?"

"ಒಬ್ಬನಿಗೆ ನೀರಿಳಿಸ್ಬೇಕಮ್ಮ. ಹೇಗೆ ಅಂತ ಯೋಚನೆ ಮಾಡ್ತಿದ್ದೀನಿ."

"ಮೊದಲು ಊಟ ಮಾಡು. ಹೊಟ್ಟೆ ತುಂಬಿದ್ರೆ ತಲೆ ಓಡುತ್ತೆ."

ತಲೆ ಓಡಿತು. ಯಾವ ದೂರು ಯಾರಿಗೆ ಹೋಗಬೇಕೆಂದು ನಿರ್ಧರಿಸುವವಳು ಈಗ ಅವಳೇ ತಾನೆ?

ಬಾಯಿಗೆ ಬಂದಂತೆ ಬೈಯುವ ಮೂಳೆ ಡಾಕ್ಟರ ಕಂಪ್ಯೂಟರ್ ಕೆಟ್ಟರೆ, ಮೌನಿಗೆ. ಶವಾಗಾರದ ಪಕ್ಕದ ಕೋಣೆಯ ಪ್ರಿಂಟರ್ ಕೆಟ್ಟರೆ, ಮೌನಿಗೆ. ದಿನವೂ ಮೌಸ್ ಕಳೆದುಕೊಳ್ಳುವ ಲೆಕ್ಕಪತ್ರ ವಿಭಾಗದ ಮುದುಕಪ್ಪನಿಗೂ ಮೌನಿಯೇ! ಅದೂ ಸರಿಯಾಗಿ ಅವನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, 'ತುರ್ತು' ಎಂಬ ಕೆಂಪು ಗುರುತಿನೊಂದಿಗೆ.

ಪಕ್ಕದ ಕುರ್ಚಿಯ ಫೋನಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಎಷ್ಟೋ ವರ್ಷಗಳಿಂದ ಅಲ್ಲೇ ಫೋನ್ ಎತ್ತುತ್ತಿದ್ದ ಹಿರಿಯ ಹೆಂಗಸು ಅವಳು.

"ಪಾಪ ಕಣೇ! ಇನ್ನೂ ಎಷ್ಟು ಗೋಳು ಹುಯ್ಕೊಳ್ತೀಯ ಅವನನ್ನ?"

"ಇದು ಬರೀ ಶುರು ಅಕ್ಕ..."

ಮೌನಿ ಮಾತ್ರ ಒಮ್ಮೆಯೂ ಗೊಣಗಲಿಲ್ಲ. ಕೆಲಸ ಮುಗಿಸಿ ನಿಯಮದಂತೆ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡುತ್ತಿದ್ದ.

"ಪ್ರಿಂಟರ್ ಸರಿಯಾಯ್ತು."

"ಸರಿ."

"ಬೇರೆ ಏನಾದ್ರೂ ಇದೆಯಾ?"

"ಇದ್ರೆ ಹೇಳ್ತೀನಿ. ಇಡಿ."

ಅವನ ದನಿಯಲ್ಲಿ ಸಿಟ್ಟು ಹುಡುಕಿ ಹುಡುಕಿ ಅವಳೇ ಸೋತಳು. ಇವನಿಗೆ ಉರಿಯೋದೇ ಇಲ್ವಾ? ಹಾಗಾದರೆ ಉರಿಯುವ ಕಡೆಗೇ ಮುಟ್ಟಿಸಬೇಕು!

ಆ ಅವಕಾಶ ತಾನಾಗಿಯೇ ಬಂತು. ಒಂದು ದಿನ ಮ್ಯಾನೇಜರ್ ಅವಳನ್ನು ಕರೆದರು.

"ಮೌನಿಯನ್ನ ಮುಖ್ಯ ಸರ್ವರ್ ಟೀಮಿಗೆ ಹಾಕೋಣ ಅಂತಿದ್ದೀನಿ. ದಿನಾ ಅವನ ಜೊತೆ ವ್ಯವಹರಿಸ್ತೀರಲ್ಲ, ಹೇಗೆ ಮನುಷ್ಯ?"

ಒಳ್ಳೆಯದು ಹೇಳಬೇಕಿಲ್ಲ, ಸುಮ್ಮನಿದ್ದರೂ ಸಾಕಿತ್ತು. ಆದರೆ 'ಮನೆಗೆ ಕಳಿಸಿ' ಎಂಬ ಮಾತು ಕಿವಿಯಲ್ಲಿ ಕುಟುಕಿತು.

"ಕೆಲಸ ಗೊತ್ತಿದೆ ಸರ್. ಆದ್ರೆ ಹೊಸಬರನ್ನ ಕಂಡ್ರೆ ಆಗಲ್ಲ. ಏನಾದ್ರೂ ಕೇಳಿದ್ರೆ ಬೈತಾರೆ. ರೋಗಿಗಳ ಕಡೆಯವರ ಮೇಲೂ ರೇಗ್ತಾರೆ."

ಅಷ್ಟೂ ಸುಳ್ಳು.

ಆ ಜಾಗ ಬೇರೊಬ್ಬನಿಗೆ ಹೋಯಿತು. ಮೌನಿಯನ್ನು ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಗುಡ್ಡೆ ಹಾಕುವ ನೆಲಮಾಳಿಗೆಗೆ ಕಳಿಸಿದರು. ಅವನು ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯುವುದನ್ನು ಅವಳು ಕಿಟಕಿಯಿಂದ ಕಣ್ತುಂಬ ನೋಡಿದಳು. ತಲೆ ತಗ್ಗಿಸಿದ್ದ. ಗೆದ್ದೆ ಅನ್ನಿಸಿತು! ಆ ದಿನದ ಊಟ ಎಂದಿಗಿಂತ ರುಚಿಯಾಗಿತ್ತು.

ಆದರೆ ಫೋನಕ್ಕ ನಗಲಿಲ್ಲ.

"ಸಾಹೇಬರ ಹತ್ರ ಚಾಡಿ ಹೇಳ್ದವಳು ನೀನಂತೆ? ನಿಜವೇನೇ?"

"ಅವನು ನನ್ನನ್ನ ಕೆಲಸದಿಂದ ತೆಗೆಸೋಕೆ ನೋಡಿದ್ನಲ್ಲಕ್ಕ! ಮನೆಗೆ ಕಳಿಸಿ ಅಂದ. ನನ್ನ ಕಿವಿಯಾರೆ ಕೇಳಿದ್ದೀನಿ."

ಫೋನಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಹುಚ್ಚಿ! ಕೌಂಟರಿನವರ ದೂರು ಹೇಳೋಕೆ ಬಂದು ನಾನೂ ಆ ರೂಮಿನೊಳಗೇ ಇದ್ದೆ ಕಣೇ. ಆವತ್ತು ನಿಂಗೆ ಜ್ವರ ಇರ್ಲಿಲ್ವಾ?"

ಇತ್ತು. ಕೆಂಡದಂಥ ಜ್ವರ. ಹಾಜರಿ ತಪ್ಪುತ್ತದೆಂದು ಮಾತ್ರೆ ನುಂಗಿ, ಯಾರಿಗೂ ಹೇಳದೆ ಬಂದಿದ್ದಳು.

"ಕೈ ತಾಗಿದ ಕೂಡ್ಲೇ ಅವನಿಗೆ ಗೊತ್ತಾಯ್ತು. 'ಮೈ ಸುಡ್ತಿದೆ ಸರ್, ಮೊದಲು ಇವರನ್ನ ಮನೆಗೆ ಕಳಿಸಿ' ಅಂದ. ಸಾಹೇಬರು ನಿನ್ನ ತರಬೇತೀನೇ ರದ್ದು ಮಾಡ್ತೀನಿ ಅಂತ ಹಾರಾಡಿದ್ರು. 'ಕೇಬಲ್ಲಿಗೆ ಗುರುತು ಹಾಕದೆ ಬಿಟ್ಟಿದ್ದು ನಾನೇ' ಅಂತ ಇವನು ಬೈಗುಳ ತಿಂದು, ನಿನ್ನನ್ನ ಇಲ್ಲಾದ್ರೂ ಉಳಿಸ್ದ."

ಅವಳು ಕುರ್ಚಿಯನ್ನು ಫೋನಕ್ಕನ ಕಡೆ ತಿರುಗಿಸಿದಳು.

"ಮತ್ತೆ... ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?"

"ನಂಗೇನು ಗೊತ್ತು? ಇಷ್ಟಪಟ್ಟು ಕಾಡಿಸ್ತಿದ್ದೀಯ ಅಂದ್ಕೊಂಡು ನಗ್ತಿದ್ದೆ ನಾನು!"

ಅವಳು ಹೆಡ್‌ಫೋನ್ ಕಿತ್ತಿಟ್ಟು ನೇರ ಮ್ಯಾನೇಜರ್ ಕೋಣೆಗೆ ನಡೆದಳು.

"ಸರ್, ಅವರ ಬಗ್ಗೆ ನಾನು ಹೇಳಿದ್ದೆಲ್ಲ ಸುಳ್ಳು. ಸೇಡಿಗೆ ಹೇಳಿದ್ದು."

ಮ್ಯಾನೇಜರ್ ಕನ್ನಡಕ ತೆಗೆದರು. "ಇದನ್ನ ನಿಮ್ಮ ಕಾಲೇಜಿಗೆ ತಿಳಿಸ್ಬೇಕಾಗುತ್ತೆ."

"ತಿಳಿಸಿ ಸರ್."

ಕಾಲೇಜಿನಿಂದ ಎಚ್ಚರಿಕೆ ಬಂತು, ಅಂಕಗಳೂ ಕಡಿತವಾದವು. ಮೌನಿ ಮೊದಲಿನ ಕೆಲಸಕ್ಕೆ ಮರಳುವುದೆಂದಾಯಿತು. ಆದರೆ ಸರ್ವರ್ ಟೀಮಿನ ಆ ಜಾಗ ಮಾತ್ರ ಮತ್ತೆ ಸಿಗುವಂತಿರಲಿಲ್ಲ.

ಅವಳು ನೆಲಮಾಳಿಗೆಗೆ ಇಳಿದಳು. ಧೂಳು ಹಿಡಿದ ಮಾನಿಟರುಗಳ ನಡುವೆ ಅವನು ಸ್ಕ್ರೂ ಬಿಚ್ಚುತ್ತಿದ್ದ.

"ಕ್ಷಮಿಸಿ..." ಎಂದಳು.

"ಎಲ್ಲ ಹಾಳು ಕೆಲಸಾನೂ ನಂಗೇ ಕಳಿಸ್ತಿದ್ರಿ. ಗೊತ್ತಿತ್ತು," ಅವನು ತಲೆ ಎತ್ತಲಿಲ್ಲ. "ಬೇಜಾರಾಗ್ಲಿಲ್ಲ. ಕೆಲಸ ಮುಗಿದ ಮೇಲೆ ಫೋನ್ ಮಾಡಿದ್ರೆ ನೀವೇ ಎತ್ತುತ್ತಿದ್ರಲ್ಲ... ಅದಕ್ಕೇ ಓಡೋಡಿ ಮುಗಿಸ್ತಿದ್ದೆ."

ಅವಳ ಕಣ್ಣು ತುಂಬಿತು.

"ಆದ್ರೆ ನಾನು ಬೈತೀನಿ, ರೋಗಿಗಳ ಮೇಲೆ ರೇಗ್ತೀನಿ ಅಂದ್ರಂತಲ್ಲ... ಅದು ನೋವಾಯ್ತು. ಈಗ ಕ್ಷಮಿಸೋಕೆ ಆಗ್ತಿಲ್ಲ. ಹೋಗಿ."

ಅವಳು ಹೋದಳು. ಸೇಡಿನ ದಿನಗಳಲ್ಲೂ ಇಂಥ ಶಿಕ್ಷೆಯೊಂದು ಅವಳಿಗೆ ಹೊಳೆದಿರಲಿಲ್ಲ.

ವಾರಗಳು ಉರುಳಿದವು. ಅವನು ಎದುರಾದರೆ ಕಣ್ಣು ತಪ್ಪಿಸುತ್ತಿದ್ದ. ಮನೆಯಲ್ಲಿ ಅಮ್ಮ ನೋಡಿ ನೋಡಿ ಕೇಳಿಯೇಬಿಟ್ಟಳು.

"ಮೊದಲು ಮೂರು ಹೊತ್ತೂ ಅವನನ್ನ ಬೈತಿದ್ದೆ. ಈಗ ಮೂರು ಹೊತ್ತೂ ಅಳ್ತೀಯ. ಯಾರೇ ಅವನು?"

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಹೊಸ ವಾರ್ಡಿಗೆ ಕೇಬಲ್ ಎಳೆಯುವ ಕೆಲಸ ಬಂತು. ಜನ ಸಾಲದೆ ಮ್ಯಾನೇಜರ್ ಅವರಿಬ್ಬರನ್ನೇ ಜೊತೆ ಹಾಕಿದರು. ಅವನು ಈ ತುದಿಯ ಪಡಸಾಲೆಯಲ್ಲಿ ಏಣಿಯ ಮೇಲೆ. ಅವಳು ಆ ತುದಿಯ ಖಾಲಿ ಕೋಣೆಯಲ್ಲಿ. ನಡುವೆ ಗೋಡೆಗಳು. ಮಾತೆಲ್ಲ ಮೊಬೈಲಿನಲ್ಲೇ.

"ಎಳೀರಿ."

"ಎಳೆದೆ."

"ನಿಧಾನ. ಎಲ್ಲೋ ಸಿಕ್ಕಿಕೊಂಡಿದೆ."

ಇನ್ನು ತಡೆಯಲು ಅವಳಿಂದ ಆಗಲಿಲ್ಲ. "ನಾನೊಂದು ಮಾತು ಹೇಳ್ಲಾ? ನಡುವೆ ಗೋಡೆ ಇದೆ ಅಂತ ಧೈರ್ಯ..."

ಆಚೆಯಿಂದ ಫೋನ್ ಕಟ್ಟಾಗಲಿಲ್ಲ.

"ಸೇಡು ತೀರಿಸ್ಕೊಳ್ತಿದ್ದ ದಿನಗಳಲ್ಲಿ, ಬೆಳಗ್ಗೆ ಎದ್ರೆ ನೀವೇ ನೆನಪಾಗ್ತಿದ್ರಿ. ಸಿಟ್ಟಿಗೆ ಅಂದ್ಕೊಂಡಿದ್ದೆ."

"ಈಗ?"

"ಈಗ ಸಿಟ್ಟಿಲ್ಲ. ಆದ್ರೂ ನೀವೇ ನೆನಪಾಗ್ತೀರ."

ಏಣಿ ಕಿರುಗುಟ್ಟಿದ ಸದ್ದು ಕೇಳಿಸಿತು. ಆಮೇಲೆ ಹೆಜ್ಜೆಗಳ ಸದ್ದು... ಮೊದಲು ಫೋನಿನಲ್ಲಿ, ನಂತರ ಬಾಗಿಲಾಚೆ. ಅವನು ಹೊಸ್ತಿಲಲ್ಲಿ ನಿಂತಿದ್ದ. ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಅವಳದೂ ಹಾಗೆಯೇ.

"ನನ್ನ ಸಿಟ್ಟು ಪೂರ್ತಿ ಹೋಗಿಲ್ಲ," ಎಂದ.

"ಗೊತ್ತು."

"ಇನ್ನೂ ಸ್ವಲ್ಪ ದಿನ ಸತಾಯಿಸ್ತೀನಿ."

"ಸತಾಯಿಸಿ. ನಾನೇನೂ ಅನ್ನಲ್ಲ."

"ಇಷ್ಟು ಒಳ್ಳೆಯವಳಾಗಿಬಿಡಬೇಡ ನೀನು. ಸೇಡಿಗೆ ಮಜಾನೇ ಇರಲ್ಲ."

ನೀನು! ಮೊದಲ ಸಲ ಹಾಗೆ ಕರೆದಿದ್ದ.

"ಏನಂದೆ? ಇನ್ನೊಂದು ಸಲ ಹೇಳು..."

ಅವನು ಮೊದಲ ಬಾರಿಗೆ ಮನಸಾರೆ ನಕ್ಕ.

"ಫೋನ್ ಇಡು ಮೊದಲು. ಹತ್ತಿರ ಬಂದು ಹೇಳ್ತೀನಿ."