ಸೋಸಿದ ನೀರು

ಬಸದಿಯಿಂದ ಬಂದು ಬಾಗಿಲು ತೆರೆದ ಮುನ್ಸೀಫ್ ಚಂದ್ರಪ್ರಭರು ಮೇಜಿನ ಮುಂದೆ ನಿಂತೇಬಿಟ್ಟರು. ನಿನ್ನೆ ಬರೆದು ಮುಗಿಸಿದ್ದ ತೀರ್ಪಿನ ಹಾಳೆಗಳಿಲ್ಲ. ಬೀಗ ಒಡೆದಿಲ್ಲ. ಕೋರ್ಟು ಹನ್ನೊಂದಕ್ಕೆ.

ಜಟ್ಟಿಂಗಪ್ಪನ ಗೇಣಿ ಗದ್ದೆಯ ದಾವೆ ಅದು. ಎದುರಾಳಿ ಜಮೀನುದಾರ ಮುಕುಂದಯ್ಯ. ಇವತ್ತು ತೀರ್ಪಾಗದಿದ್ದರೆ ಜಟ್ಟಿಂಗಪ್ಪನಿಗೆ ಈ ವರ್ಷದ ಉಳುಮೆಯೂ ಇಲ್ಲ.

ಸಾಗರಕ್ಕೆ ಬಂದು ಎರಡು ವರ್ಷವಾಗಿತ್ತು. ಚಂದ್ರಪ್ರಭರು ಯಾರ ಮನೆಯ ಮದುವೆಗೂ ಹೋದವರಲ್ಲ, ಎಲೆಯಡಿಕೆ ಮುಟ್ಟಿದವರಲ್ಲ. ಇಂದು ಮಣೆ ಹಾಕಿ ಕೂರಿಸಿದವನು ನಾಳೆ ಕಟಕಟೆಯಲ್ಲಿ ನಿಂತಾನು. ತಮ್ಮಂತೆಯೇ ಜೈನರಾದ ಶಾಲೆಯ ಧನ್ಯಕುಮಾರ ಮಾಸ್ತರು ಮಾತ್ರ ಭಾನುವಾರ ಹೊತ್ತು ಮುಳುಗುವ ಮೊದಲು ಊಟಕ್ಕೆ ಬರುತ್ತಿದ್ದರು. ಕೋರ್ಟಿನ ಮಾತೊಂದು ಬಿಟ್ಟು ಉಳಿದದ್ದೆಲ್ಲ ಆಡುತ್ತಿದ್ದರು.

* * *

"ಗುತ್ಯಮ್ಮಾ, ಮೇಜಿನ ಮೇಲಿದ್ದ ಹಾಳೆ ಕಾಣ್ತಿಲ್ಲ. ಜಟ್ಟಿಂಗಪ್ಪ ನಿನಗೇನಾಗಬೇಕು?"

ಅಂಗಳ ಗುಡಿಸುತ್ತಿದ್ದ ಕೆಲಸದ ಗುತ್ಯಮ್ಮ ಸೊಂಟ ನೆಟ್ಟಗೆ ಮಾಡಿದಳು. "ನಮ್ಮೂರೋನು ಅಯ್ಯಾ. ಅದ್ಕೇ ನಾನೇ ಕದ್ದೆ ಅಂತೀರಾ? ನಂಗೆ ಅಡಿಕೆ ಹಾಳೆ ಬಿಟ್ರೆ ಬೇರೆ ಹಾಳೆ ಗೊತ್ತಿಲ್ಲ."

ಮನೆಯ ಕೀಲಿ ಇರುತ್ತಿದ್ದದ್ದು ಹೊರಗಿನ ಬಚ್ಚಲ ಗೂಡಿನಲ್ಲಿ. ಅದನ್ನು ಬಲ್ಲವರು ಇವಳು, ಮಾಸ್ತರು, ಇಬ್ಬರೇ.

ಚಂದ್ರಪ್ರಭರು ಮುಖ ತೊಳೆಯಲು ಬಾವಿಕಟ್ಟೆಗೆ ಹೋದರು. ನೀರು ಸೋಸುವ ಬಟ್ಟೆ ಒದ್ದೆಯಾಗಿತ್ತು. ಸ್ನಾನ ಬಸದಿಯ ಬಾವಿಯಲ್ಲೇ ಆಗಿತ್ತು; ಇವತ್ತು ಇಲ್ಲಿ ತಾವಿನ್ನೂ ನೀರು ಸೇದಿರಲಿಲ್ಲ.

"ಇದನ್ನ ನೀನು ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ? ನೀರು ಸೋಸ್ಬೇಕು, ಬಟ್ಟೆ ಜಾಲಿಸ್ಬೇಕು, ಅದರಲ್ಲಿರೋ ಹುಳನೆಲ್ಲ ಗಿಂಡೀಲಿ ಬಾವಿಗೇ ಇಳಿಸ್ಬೇಕು. ಆ ನೇಮ ಎಲ್ಲ ನಂಗೆ ಬರಲ್ಲ ಮಾರಾಯ್ರೇ!"

ಗಿಂಡಿಯ ದಾರವೂ ಒದ್ದೆ. ಚಂದ್ರಪ್ರಭರು ಅದನ್ನು ಕಟ್ಟೆಯ ಮೇಲಿಟ್ಟು, ಮುಖ ತೊಳೆಯದೆಯೇ ಶಾಲೆಯ ಕಡೆ ಹೊರಟರು.

* * *

ಶಾಲೆಯಲ್ಲಿ ಮಕ್ಕಳಿನ್ನೂ ಬಂದಿರಲಿಲ್ಲ. ಮಾಸ್ತರು ಕರಿಹಲಗೆ ಒರೆಸುತ್ತಿದ್ದರು.

"ಬೆಳಿಗ್ಗೆ ನಮ್ಮನೇಲಿ ನೀರು ಕುಡಿದ್ರಾ?"

ಒರೆಸುವ ಕೈ ನಿಂತಿತು. "ಯಾರು ಹೇಳಿದ್ರು?"

"ಬಾವಿಕಟ್ಟೆ. ಗುತ್ಯಮ್ಮ ಆಗಿದ್ರೆ ಸೇದಿ ಹಾಗೇ ಕುಡೀತಿದ್ಲು. ಬಂದೋರು ಸೋಸಿದಾರೆ. ಜೀವಗಳನ್ನ ಬಾವಿಗೇ ಬಿಟ್ಟಿದಾರೆ. ಕದಿಯೋಕೆ ಬಂದಾಗ್ಲೂ ನೇಮ ಬಿಟ್ಟಿಲ್ಲ."

ಮಾಸ್ತರು ಬೆಂಚಿನ ಮೇಲೆ ಕೂತರು. "ಬಾಯಿ ಒಣಗಿತ್ತು... ಶಾಲೆ ಕಮಿಟಿಗೆ ಮುಕುಂದಯ್ಯನೇ ಅಧ್ಯಕ್ಷ. ಹಾಳೆ ತಂದುಕೊಟ್ರೆ ಕೆಲಸ ಖಾಯಂ ಮಾಡ್ತೀನಿ ಅಂದ. ತೀರ್ಪು ಮೊದ್ಲೇ ಹೊರಬಿತ್ತು ಅಂತ ಅರ್ಜಿ ಹಾಕಿ ದಾವೆ ಎಳೀತಾನಂತೆ. ಹತ್ತು ಗಂಟೆಗೆ ಹಾಳೆ ಒಯ್ಯೋಕೆ ಅವನ ಆಳು ಬರ್ತಾನೆ."

"ಕಾಣದ ಹುಳದ ಮೇಲೆ ಅಷ್ಟು ಕನಿಕರ. ಜಟ್ಟಿಂಗಪ್ಪ ಕಾಣಲಿಲ್ವಾ?"

"ತೀರ್ಪು ನಿಮಗೆ ಬಾಯಿಗೇ ಬರುತ್ತಲ್ಲ. ಇನ್ನೊಮ್ಮೆ ಬರೀಬಹುದು."

"ಈಗ ಬರೆದ್ರೆ ನನ್ನ ಸಿಟ್ಟು ಬರೆಯುತ್ತೆ. ಮುಕುಂದಯ್ಯನಿಗೂ ಸಿಟ್ಟಿಲ್ಲದ ತೀರ್ಪೇ ಸಿಗಬೇಕು. ನಿನ್ನೆ ಬರೆದದ್ದೇ ಬೇಕು. ಕೊಡಿ."

ಗೋಡೆಯ ಭೂಪಟದ ಹಿಂದಿನಿಂದ ಹಾಳೆಗಳು ಹೊರಬಂದವು.

"ಪೊಲೀಸಿಗೆ ಹೇಳಲೇಬೇಕಾ, ಅಣ್ಣಾ?" ಎರಡು ವರ್ಷದಲ್ಲಿ ಮಾಸ್ತರು ಅಣ್ಣ ಅಂದದ್ದು ಅದೇ ಮೊದಲು.

"ಹೇಳಲೇಬೇಕು."

* * *

ಹನ್ನೊಂದಕ್ಕೆ ಚಂದ್ರಪ್ರಭರು ಒಂದಕ್ಷರ ತಿದ್ದದೆ ಓದಿದರು. ಗದ್ದೆ ಜಟ್ಟಿಂಗಪ್ಪನಿಗೆ ಉಳಿಯಿತು. ಗದ್ದೆಯಂಚಿನ ಗಾಡಿದಾರಿ ಮುಕುಂದಯ್ಯ ಕೇಳಿದಂತೆ ಅವನಿಗೇ ಹೋಯಿತು. ಆಮೇಲೆ ಮಾಸ್ತರು, ಮುಕುಂದಯ್ಯ ಇಬ್ಬರ ಹೆಸರೂ ಬರೆದು ಪೊಲೀಸಿಗೆ ದೂರು ಕಳಿಸಿದರು.

ಭಾನುವಾರ ಗುತ್ಯಮ್ಮ ಎರಡು ತಟ್ಟೆ ತೊಳೆದಿಟ್ಟಿದ್ದಳು. ಹೊತ್ತು ಮರದ ತಲೆಗಿಳಿದಿತ್ತು. ಚಂದ್ರಪ್ರಭರು ಒಂದನ್ನು ಒಳಗಿಟ್ಟರು. ಬಾವಿಗೆ ಹೋಗಿ ಒಬ್ಬರಿಗಾಗುವಷ್ಟು ನೀರು ಸೇದಿದರು.