ಕೇಳಿದರೆ ಕೊಟ್ಟುಬಿಡುತ್ತೇನೆ

ಕಬ್ಬಿಣದ ಬೀರುವಿನ ಬೀಗ ಬೆಳಿಗ್ಗೆಯಿಂದ ಹಟ ಹಿಡಿದಿತ್ತು. ಒಳಗೆ ಕ್ಲೇಮ್ ಕಡತಗಳು ಸಿಕ್ಕಿಕೊಂಡಿದ್ದವು, ಹೊರಗೆ ಗುಬ್ಬಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗುಬ್ಬಿ ಎನ್ನುವುದು ಅಣ್ಣ ಇಟ್ಟ ಅಡ್ಡಹೆಸರು. ಅದು ಹೇಗೋ ಆಫೀಸಿಗೂ ಹಾರಿ ಬಂದು ಅಲ್ಲೇ ಗೂಡು ಕಟ್ಟಿಕೊಂಡಿತ್ತು. ಆ ಸಣ್ಣ ವಿಮಾ ಕಂಪನಿಯಲ್ಲಿ ಕ್ಲೇಮ್ ವಿಭಾಗದ ಲೆಕ್ಕವೆಲ್ಲ ಅವಳದೇ.

ಬಾಗಿಲಲ್ಲಿ ಚರ್ಮದ ಚೀಲ ಹಿಡಿದ, ಎತ್ತರದ, ತುಸು ಬಾಗಿದ ಮನುಷ್ಯನೊಬ್ಬ ಕಾಣಿಸಿಕೊಂಡ.

"ಬೀಗದವರಾ? ಅಂತೂ ಬಂದ್ರಲ್ಲಪ್ಪ! ಬನ್ನಿ, ಇದೇ ನೋಡಿ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಬೀಗದ ಕೈಯನ್ನು ಅವನ ಅಂಗೈಗೆ ತುರುಕಿ ಆಗಿತ್ತು. ಅವನು ಒಮ್ಮೆ ಕೀಲಿಯನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ಚೀಲ ಕೆಳಗಿಟ್ಟು, ಅಂಗಿಯ ತೋಳು ಮಡಚಿ, ಮಂಡಿಯೂರಿ ಕೂತೇಬಿಟ್ಟ. ತಿರುಗಿಸಿದ, ಅಲ್ಲಾಡಿಸಿದ, ರಂಧ್ರಕ್ಕೆ ಊದಿದ. ಹಣೆ ಬೆವರಿತು. ಬೀಗ ಜಗ್ಗಲಿಲ್ಲ.

"ಕ್ಷಮಿಸಿ," ಎಂದ ತಲೆಯೆತ್ತಿ. "ನನಗೆ ಬೀಗ ಹಾಕೋದಷ್ಟೇ ಗೊತ್ತು. ತೆಗೆಯೋದು ಅಭ್ಯಾಸ ಇಲ್ಲ."

ಅದೇ ಹೊತ್ತಿಗೆ ಮ್ಯಾನೇಜರು ಓಡಿಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. "ಸರ್, ನೀವು ಇಲ್ಲಿ... ನೆಲದ ಮೇಲೆ..."

ವಿಮಾ ನಿಯಂತ್ರಣ ಪ್ರಾಧಿಕಾರ ಕಳಿಸಿದ್ದ ಆಡಳಿತಾಧಿಕಾರಿ ಅವನು. ಕಂಪನಿಯ ಲೆಕ್ಕಗಳನ್ನು ಬಗೆದು ನೋಡುವುದು, ಅಲ್ಲಾಡುತ್ತಿದ್ದರೆ ಹಿಡಿದು ನಿಲ್ಲಿಸುವುದು, ನಿಲ್ಲದಿದ್ದರೆ ಬಾಗಿಲು ಮುಚ್ಚುವುದು ಅವನ ಕೆಲಸ. ಗುಬ್ಬಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವನು ಮಾತ್ರ ಮಂಡಿಯ ಧೂಳು ಕೊಡವಿಕೊಳ್ಳುತ್ತಾ, ತುಟಿಯಂಚಿನಲ್ಲಿ ನಗು ಬಚ್ಚಿಟ್ಟುಕೊಂಡು, ಕೀಲಿಯನ್ನು ಅವಳಿಗೆ ಮರಳಿಸಿದ. ಕೀಲಿ ಬೆಚ್ಚಗಿತ್ತು.

ಅಂದಿನಿಂದ ಇಡೀ ಆಫೀಸಿಗೆ ಅವನು 'ಬೀಗದವರು.' ವಯಸ್ಸಾದ ಕ್ಯಾಷಿಯರಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋದರು: "ಬೀಗದವರು ಅಲ್ಲ ಕಣೇ ಗುಬ್ಬಿ, ಬೀಗರು ಅನ್ನು. ನೋಡ್ತಾ ಇರು, ಸಂಬಂಧ ಕುದುರುತ್ತೆ."

"ಬಾಯಿ ಮುಚ್ಚಿಕೊಳ್ಳಿ ಅಮ್ಮ," ಎಂದಳು ಗುಬ್ಬಿ. ಕಿವಿ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಕೆಲಸದಲ್ಲಿ ಅವನು ಮೆಲ್ಲಗೆ ಮಾತಾಡುವವನು. ಒಂದು ಅಂಕಿ ಕೇಳುವಾಗಲೂ ಯಾರದೋ ಆರೋಗ್ಯ ವಿಚಾರಿಸುವಂತೆ ಕೇಳುತ್ತಿದ್ದ. ಅವಳ ಮೇಜಿನ ಎದುರು ಕೂತು ಹಳೆಯ ಲೆಕ್ಕಪತ್ರ ತಿರುವುವಾಗ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದನ್ನು ಸರಿಮಾಡುವ ನೆಪದಲ್ಲಿ ಕಣ್ಣು ಒಮ್ಮೆ ಇತ್ತ ಬಂದು ಹೋಗುತ್ತಿತ್ತು. ದಿನಕ್ಕೆ ಅಷ್ಟು ಸಲ ಕನ್ನಡಕ ಜಾರಲು ಸಾಧ್ಯವೇ ಎಂದು ಗುಬ್ಬಿಗೆ ಅನುಮಾನ.

ಕಂಪನಿಯ ರೋಗ ಬೇಗನೇ ಗೊತ್ತಾಯಿತು. ನಾಳೆ ಬರುವ ಕ್ಲೇಮುಗಳಿಗಾಗಿ ವಿಮಾ ಕಂಪನಿ ಇವತ್ತೇ ಹಣ ತೆಗೆದಿಡಬೇಕು. ಆ ಮೀಸಲನ್ನು ನಿರ್ದೇಶಕರು ವರ್ಷ ವರ್ಷವೂ ಕತ್ತರಿಸುತ್ತಾ ಬಂದಿದ್ದರು. ಕತ್ತರಿಸಿದ್ದೆಲ್ಲ ಪುಸ್ತಕದಲ್ಲಿ ಲಾಭವಾಗಿ ಕಂಡಿತು. ಷೇರುದಾರರಿಗೆ ಡಿವಿಡೆಂಡ್ ಹಂಚಿದರು, ಸರ್ಕಾರಕ್ಕೆ ತೆರಿಗೆ ಕಟ್ಟಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

"ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದ್ದಾರಲ್ಲ," ಎಂದ ಅವನು ಟೀ ಕಲಕುತ್ತಾ. "ಇಂಥವರಿಗೆ ಏನನ್ನಬೇಕು?"

"ದಾನಶೂರರು."

ಅವನು ಜೋರಾಗಿ ನಕ್ಕ. ಆ ನಗು ಅವನಿಗೇ ಹೊಸದಿರಬೇಕು, ಸುತ್ತಮುತ್ತ ನೋಡಿಕೊಂಡ. "ತೆರಿಗೆ ವಾಪಸ್ ಕೇಳಿ ಅರ್ಜಿ ಹಾಕೋಣ. ಬಂದ್ರೆ ಸ್ವಲ್ಪ ಜನಕ್ಕಾದ್ರೂ ಹಣ ಸಿಗುತ್ತೆ."

"ಅದು ಬರೋ ಹೊತ್ತಿಗೆ ನನ್ನ ತಲೆ ಪೂರ್ತಿ ಬೆಳ್ಳಗಾಗಿರುತ್ತೆ ಸರ್."

"ಆದ್ರೂ ಚೆನ್ನಾಗೇ ಕಾಣ್ತೀರಿ," ಎಂದ. ಎಂದವನೇ ಬೆಚ್ಚಿ ಟೀಯೊಳಗೆ ಮುಖ ಮುಳುಗಿಸಿದ. ಕಿವಿಗಳು ಕೆಂಡವಾಗಿದ್ದವು. ಗುಬ್ಬಿ ಒಂದೇ ಸಾಲನ್ನು ಮತ್ತೆ ಮತ್ತೆ ಕೂಡಿದಳು, ಪ್ರತಿ ಸಲವೂ ಬೇರೆ ಬೇರೆ ಮೊತ್ತ ಬಂತು.

ಅರ್ಜಿಯನ್ನು ಇಬ್ಬರೂ ಕೂತು ಬರೆದರು. ತೆರಿಗೆ ಇಲಾಖೆಯಿಂದ ಒಂದೇ ಸಾಲಿನ ಉತ್ತರ ಬಂತು: ಪರಿಶೀಲನೆಯಲ್ಲಿದೆ.

ಆಮೇಲೆ ಒಂದು ಮಧ್ಯಾಹ್ನ ಅವನು ಕೇಳಬೇಕಾದದ್ದನ್ನು ಕೇಳಿದ. "ನಿರ್ದೇಶಕರ ಅಂಕಿ ಬಿಡಿ. ನಿಮ್ಮ ಲೆಕ್ಕದಲ್ಲಿ ನಿಜವಾಗಿ ಎಷ್ಟು ಮೀಸಲು ಬೇಕು?"

ಗುಬ್ಬಿ ತಡಮಾಡಿದಳು. ಆ ಅಂಕಿಗಾಗಿ ಹುಡುಕಬೇಕಿರಲಿಲ್ಲ, ಅದು ಅವಳ ನಾಲಿಗೆಯ ಮೇಲೇ ಇತ್ತು. ಹೇಳಿದರೆ ಮುಂದೇನಾಗುತ್ತದೆ ಎಂಬುದೂ ಗೊತ್ತಿತ್ತು. ಮೀಸಲು ಅಷ್ಟು ಕಡಿಮೆ ಬಿದ್ದ ಕಂಪನಿ ಯಾರಿಗೂ ಒಂದು ಬಿಡಿಗಾಸೂ ಕೊಡುವಂತಿಲ್ಲ. ಇನ್ನೊಂದು ಕಂಪನಿ ಬಂದು ಹೊಣೆ ಹೊರುವವರೆಗೆ ಎಲ್ಲ ಪಾವತಿಗೂ ತಡೆ.

ಹೇಳಿದಳು. ಹೇಳಿ, "ಇದರೊಳಗೆ ನನ್ನ ಅಣ್ಣನ ಕ್ಲೇಮೂ ಇದೆ ಸರ್," ಎಂದಳು. "ಕ್ರೇನ್ ಓಡಿಸ್ತಿದ್ದ. ಮೇಲಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅವನನ್ನ ನೋಡಿಕೊಳ್ಳೋ ಆಳಿನ ಸಂಬಳ ಇಲ್ಲಿಂದಲೇ ಹೋಗುತ್ತೆ. ನಿಮಗೆ ಗೊತ್ತಿರಲಿ ಅಂತ ಹೇಳಿದೆ, ಬೇರೇನಿಲ್ಲ."

ಅವನ ಪೆನ್ನು ನಿಂತಿತು. "ಗೊತ್ತಿದ್ದೂ ನಿಜವಾದ ಅಂಕಿ ಕೊಟ್ರಾ?"

"ನೀವು ಕೇಳಿದ್ರಲ್ಲ."

ಅವನು ಅವಳನ್ನು ನೋಡಿದ. ಈ ಸಲ ಕನ್ನಡಕದ ನೆಪ ಇರಲಿಲ್ಲ.

ಮರುವಾರ ತಡೆಯಾಜ್ಞೆ ಬಾಗಿಲಿಗೆ ಅಂಟಿತು. ಕೆಳಗೆ ಅವನ ಸಹಿ.

ಅಣ್ಣನ ಆಳು ಸಂಬಳ ನಿಂತ ಮೇಲೂ ಕೆಲವು ದಿನ ಬಂದ, ಆಮೇಲೆ ಕಣ್ಣೀರು ಹಾಕಿಕೊಂಡೇ ಬೇರೆ ಮನೆ ಹಿಡಿದ. ಅವನಿಗೂ ಹೊಟ್ಟೆಯಿದೆಯಲ್ಲ. ಅಣ್ಣನದು ಆನೆಯಂಥ ಮೈ. ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾ ಸಂಸಾರ ತೂಗಿಸುವವಳು. ಅವಳೂ ಗುಬ್ಬಿಯೂ ಸೇರಿ ಅವನನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ಮೂವರೂ ಏದುಸಿರು ಬಿಡುತ್ತಿದ್ದರು. "ನಿಧಾನ, ನಿಧಾನ, ಲೋಡ್ ಓಲಾಡ್ತಿದೆ," ಎಂದು ಅಣ್ಣ ನಗಿಸುತ್ತಿದ್ದ. ಒಂದು ದಿನ ಅತ್ತಿಗೆಯ ಬೆನ್ನು ಹಿಡಿದುಕೊಂಡಿತು. ಅಂದಿನಿಂದ ಅಣ್ಣ ಮಲಗಿದಲ್ಲೇ ಮಲಗಿದ. ಬೆನ್ನಿನ ಮೇಲೆ ಕೆಂಪಗೊಂದು ಹುಣ್ಣು ಎದ್ದಿತು.

ಅತ್ತಿಗೆ ಗುಬ್ಬಿಯನ್ನು ಅಡುಗೆಮನೆಗೆ ಕರೆದಳು. ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು.

"ಆ ಆಫೀಸರು ನಿನ್ನ ಕಂಡ್ರೆ ಕೈಯಲ್ಲಿರೋ ಲೋಟ ಓರೆ ಮಾಡಿ ಟೀ ಚೆಲ್ಲಿಕೊಳ್ತಾರಂತೆ. ಕ್ಯಾಷಿಯರಮ್ಮ ಹೇಳಿದ್ರು. ಒಂದೇ ಒಂದು ಮಾತು ಕೇಳು ಗುಬ್ಬಿ. ನಮ್ಮ ಒಂದು ಕ್ಲೇಮ್ ಬಿಟ್ರೆ ಅವರ ಗಂಟೇನು ಹೋಗುತ್ತೆ?"

"ಹಾಗೆ ಕೇಳಿದ್ರೆ ಅತ್ತಿಗೆ, ಆಮೇಲೆ ನಾನು ಅವರನ್ನ ನೋಡಿದಾಗೆಲ್ಲ, ಯಾತಕ್ಕೆ ನೋಡ್ತಿದ್ದಾಳೆ ಅಂತ ಅವರಿಗೆ ಗೊತ್ತಾಗಲ್ಲ. ನನಗೂ ಗೊತ್ತಾಗಲ್ಲ."

"ನಿನ್ನ ಅಣ್ಣನ ಬೆನ್ನು ಕೊಳೀತಾ ಇದೆ. ನಿಂಗೆ ನೋಟದ ಚಿಂತೆ."

ಅತ್ತಿಗೆ ಕೆಟ್ಟವಳಲ್ಲ. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಗುಬ್ಬಿ ಎದುರುತ್ತರ ಕೊಟ್ಟು ಬಾಗಿಲು ಬಡಿಯುತ್ತಿದ್ದಳು.

ಮರುದಿನ ಆಫೀಸಿನ ಮುಂದಿನ ಕೋಣೆ ದಾಟಿ ಅವನ ಕೋಣೆಗೆ ಹೋದಳು. ಮುಂದಿನ ಕೋಣೆಯ ಬೆಂಚಿನ ಮೇಲೆ ಕ್ಲೇಮ್ ನಿಂತವರು ದಿನವೂ ಬಂದು ಕೂರುತ್ತಿದ್ದರು. ಬೇಕರಿಯಲ್ಲಿ ಕೈ ಸುಟ್ಟುಕೊಂಡ ಹೆಂಗಸೊಬ್ಬಳಂತೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬಂದು, ಕೂತು, ಸಂಜೆ ಎದ್ದು ಹೋಗುತ್ತಿದ್ದಳು, ಅಷ್ಟೇ. ಇಂದೂ ಇದ್ದಳು. ಗುಬ್ಬಿ ಅವಳ ಕಡೆ ನೋಡದೆ ದಾಟಿದಳು.

ಅವನು ಕಿಟಕಿಯ ಬಳಿ ನಿಂತಿದ್ದ. ತಿರುಗಿ ಅವಳ ಮುಖ ನೋಡಿದೊಡನೆ ಎಲ್ಲ ಅರ್ಥವಾದಂತೆ ಒಂದು ಹೆಜ್ಜೆ ಹಿಂದೆ ಸರಿದ.

"ದಯವಿಟ್ಟು ಕೇಳಬೇಡಿ," ಎಂದ.

"ನಾನಿನ್ನೂ ಏನೂ..."

"ನೀವು ಕೇಳಿದ್ರೆ ನಾನು ಕೊಟ್ಟುಬಿಡ್ತೀನಿ." ಅವನು ಕುರ್ಚಿಯ ಹಿಂದೆ ಸರಿದು ನಿಂತ. "ನಿಮಗೆ ಇಲ್ಲ ಅನ್ನೋ ಶಕ್ತಿ ನನ್ನಲ್ಲಿಲ್ಲ. ಕೊಟ್ಟ ಮೇಲೆ ಹೊರಗಿನ ಬೆಂಚಿಗೆ ಮುಖ ತೋರಿಸೋಕೂ ಆಗಲ್ಲ. ಅದಕ್ಕೇ... ಕೇಳಬೇಡಿ."

ಇಬ್ಬರ ನಡುವೆ ಒಂದು ಮೇಜು ಮಾತ್ರ ಇತ್ತು. ಅವಳು ಬಾಯಿ ತೆರೆದರೆ ಸಾಕು, ಅಣ್ಣನಿಗೆ ನಾಳೆಯೇ ಆಳು ಬರುತ್ತಾನೆ. ಇಷ್ಟು ಹತ್ತಿರದಲ್ಲಿ, ಇಷ್ಟು ಸುಲಭವಾಗಿ. ಅವನ ಕೈಗಳು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದವು.

"ಸ್ಟೇಪ್ಲರ್ ಕೇಳೋಕೆ ಬಂದೆ ಸರ್," ಎಂದಳು ಗುಬ್ಬಿ.

ಅವನು ಸ್ಟೇಪ್ಲರ್ ಎತ್ತಿ ಕೊಟ್ಟ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬೇಗ ಬಿಡಲಿಲ್ಲ. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಆ ಸ್ಟೇಪ್ಲರನ್ನು ಎದೆಗೆ ಅವಚಿಕೊಂಡು, ಹುಚ್ಚಿಯಂತೆ ಅತ್ತಳು.

ವಾರ ಕಳೆಯುವುದರೊಳಗೆ ಅವನ ಕೋಣೆ ಖಾಲಿಯಾಯಿತು. 'ನಾನು ಇನ್ನು ನಿಷ್ಪಕ್ಷಪಾತವಾಗಿ ಈ ಹುದ್ದೆ ನಿಭಾಯಿಸಲಾರೆ, ಕಂಪನಿಯ ಉದ್ಯೋಗಿಯೊಬ್ಬರ ಬಗ್ಗೆ ನನಗೆ ವೈಯಕ್ತಿಕ ಆಸಕ್ತಿಯಿದೆ' ಎಂದು ತಾನೇ ಪ್ರಾಧಿಕಾರಕ್ಕೆ ಬರೆದುಕೊಟ್ಟನಂತೆ. ಬಡ್ತಿ ಕೈತಪ್ಪಿತಂತೆ. ದೂರದ ಕೇಂದ್ರ ಕಚೇರಿಗೆ ವಾಪಸ್ ಕರೆಸಿಕೊಂಡರಂತೆ. ಅವನು ಹೊರಟದ್ದನ್ನು ಗುಬ್ಬಿ ಹೀಗೆ ಕಂಡವರ ಬಾಯಲ್ಲಿ ಕೇಳಿ ತಿಳಿಯಬೇಕಾಯಿತು. ಅವಳಿಗೆ ಒಂದು ಮಾತಿಲ್ಲ, ಒಂದು ನೋಟವಿಲ್ಲ.

ಅವನ ಜಾಗಕ್ಕೆ ಬಂದ ಹಿರಿಯ ಹೆಂಗಸು ಬಂದ ದಿನವೇ ಕನ್ನಡಕದ ಮೇಲಿಂದ ನೋಡಿದರು. "ಆ ಉದ್ಯೋಗಿ ನೀವೇನಾ? ಹ್ಞೂಂ. ಅವನು ತೀರಾ ದಡ್ಡನೇನಲ್ಲ." ಆಮೇಲೆ ತಡೆಯಾಜ್ಞೆ ಮುಂದುವರಿಸಿ ಸಹಿ ಹಾಕಿದರು. ಇನ್ನೊಂದು ಕಂಪನಿಯೊಂದಿಗೆ ಮಾತುಕತೆ ನಡೆಯುತ್ತಿತ್ತು. ನಡೆಯುತ್ತಲೇ ಇತ್ತು. ಬೆಂಚಿನ ಮೇಲಿನ ಜನ ಕರಗಲಿಲ್ಲ.

ಗುಬ್ಬಿಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ತಿಳಿಯದ್ದರಿಂದ ಪಾತ್ರೆಗಳ ಮೇಲೆ ತೀರಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಕರೆಗಂಟೆಯ ಸದ್ದಾಯಿತು. ಬಾಗಿಲು ತೆಗೆದರೆ ಅವನು. ಪ್ರಯಾಣದಲ್ಲಿ ಮುದುಡಿದ ಅಂಗಿ, ಕೆಂಪಾದ ಕಣ್ಣು.

"ಈಗ ನಾನು ಬರಬಹುದು ಅಂತ ಬಂದೆ," ಎಂದ. "ಮುಂಚೆ ಬರೋ ಹಾಗಿರಲಿಲ್ಲ."

ಅವಳು ಏನಾದರೂ ಹೇಳುವ ಮುನ್ನವೇ ಒಳಗಿನಿಂದ ಅಣ್ಣ ಕೂಗಿದ: "ಯಾರದು? ಗಂಡಸಾದ್ರೆ ಒಳಗೆ ಕಳಿಸು, ಎತ್ತೋಕೆ ಬೇಕು!"

ಅವನು ಅಲ್ಲೇ ತೋಳು ಮಡಚಿದ. ಅಣ್ಣನ ಕಂಕುಳಿಗೆ ಕೈ ಹಾಕಿದ. ಗುಬ್ಬಿ ಮಂಡಿಯ ಕೆಳಗೆ ಹಿಡಿದಳು. ಅತ್ತಿಗೆ ಬಾಗಿಲ ಬಳಿ ಕೈಕಟ್ಟಿ ನಿಂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ನೀವೇ ಅಲ್ವಾ ತಡೆ ಹಾಕಿದ್ದು?" ಎಂದಳು.

"ಹೌದು ಅಕ್ಕ."

"ಎತ್ತಿ ಹಾಗಾದ್ರೆ."

ಎತ್ತಿದರು. ಅಣ್ಣ ಗಾಳಿಯಲ್ಲಿ ತೂಗಿದ. ಅವನ ಎದೆಯ ಮೇಲಿಂದ ಇಬ್ಬರ ಮುಖವೂ ಎದುರುಬದುರಾದವು, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು.

"ಹೇಳದೆ ಹೋದ್ರಿ," ಎಂದಳು ಗುಬ್ಬಿ.

"ಹೇಳೋಕೆ ಬಂದಿದ್ರೆ ಹೋಗೋಕೆ ಆಗ್ತಿರಲಿಲ್ಲ."

"ಊರಿಗೆಲ್ಲ ಬರೆದುಕೊಟ್ರಿ. ವೈಯಕ್ತಿಕ ಆಸಕ್ತಿಯಂತೆ! ಹಾಗಂದ್ರೇನು? ಮನುಷ್ಯರ ಮಾತಲ್ಲಿ ಹೇಳಿ."

ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಲು ಕೈ ಬಿಡುವಿರಲಿಲ್ಲ. "ನೀವಿಲ್ಲದೆ ನನಗೆ ಆಗ್ತಾ ಇಲ್ಲ. ಏನೂ ಆಗ್ತಾ ಇಲ್ಲ. ಲೆಕ್ಕ ಕೂಡೋದೂ ಮರೆತುಹೋಗಿದೆ."

"ಸ್ವಾಮಿ," ಎಂದ ಅಣ್ಣ ಇಬ್ಬರ ನಡುವೆ ತೂಗುತ್ತಾ, "ಲೋಡ್ ಇಳಿಸಿ ಮಾತಾಡಿ."

ಕುರ್ಚಿಗೆ ಇಳಿಸಿದರು. ಅತ್ತಿಗೆ ಮುಖ ತಿರುಗಿಸಿಕೊಂಡು ನೀರು ಕಾಯಿಸಲು ಹೋದಳು. ಹೋಗುವಾಗ ಅವಳ ಭುಜ ನಗುತ್ತಿತ್ತೋ ಅಳುತ್ತಿತ್ತೋ ತಿಳಿಯಲಿಲ್ಲ. ಅಣ್ಣನ ಹಾಸಿಗೆ ಬದಲಿಸಿ, ಅವನನ್ನು ಮತ್ತೆ ಎತ್ತಿ, ಗೋಡೆಯ ಕಡೆಗೆ ಮಗ್ಗುಲಾಗಿಸಿ ಮಲಗಿಸಿದರು. ಹುಣ್ಣು ನೋಡಿದಾಗ ಅವನ ಮುಖ ಬಿಳಿಚಿತು.

"ನಾನು ಈ ಮನೆ ಬಿಟ್ಟು ಬರೋ ಹಾಗಿಲ್ಲ," ಎಂದಳು ಗುಬ್ಬಿ ಬಿಸಿನೀರಿನಲ್ಲಿ ಬಟ್ಟೆ ಹಿಂಡುತ್ತಾ.

"ಗೊತ್ತು. ನಾನೂ ಅಲ್ಲಿನ ಕೆಲಸ ಬಿಡೋ ಹಾಗಿಲ್ಲ. ಇವತ್ತು ಸಂಜೆ ರೈಲು ಹತ್ತಬೇಕು."

"ಮತ್ತೆ?"

"ಮುಂದಿನ ಭಾನುವಾರ ಬರ್ತೀನಿ."

"ಹೀಗೇ ಎಷ್ಟು ದಿನ?"

"ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ."

ಅವಳು ಹುಣ್ಣಿನ ಸುತ್ತ ಮೆಲ್ಲಗೆ ಒರೆಸಿದಳು. ಅಣ್ಣ ಹೊರಳದಂತೆ ಅವನು ಒಂದು ಕೈಯಲ್ಲಿ ಭುಜ ಹಿಡಿದಿದ್ದ. ಇನ್ನೊಂದು ಕೈ ಬಂದು, ಒದ್ದೆ ಬಟ್ಟೆಯ ಮೇಲಿದ್ದ ಅವಳ ಕೈಯ ಮೇಲೆ ನಿಂತಿತು. ಅವಳು ಕೈ ತೆಗೆಯಲಿಲ್ಲ. ಒರೆಸುವುದೂ ನಿಂತುಹೋಯಿತು.

"ನಿಧಾನವಾಗೇ ಒರೆಸಿ," ಎಂದ ಅಣ್ಣ. "ನನಗೇನೂ ಅವಸರ ಇಲ್ಲ. ನಾನು ಗೋಡೆ ನೋಡ್ತಾ ಇದ್ದೀನಿ."