ಹಗ್ಗ ಬಿಚ್ಚಿದ ಮೇಲೆ

“ಹಗ್ಗ ಬಿಚ್ಚಿದ ಮೇಲೆ ಯಾರು ಕೂಗಿದ್ರೂ ಲಾಂಚ್ ತಿರುಗಿಸ್ಬೇಡಿ, ಡ್ರೈವರಮ್ಮ. ಕಾಲಿಗೆ ಬೀಳ್ತೀನಿ ಅಂದ್ರೂ ಸರಿ.”

ಲಾಂಚಿನ ಹಗ್ಗ ಕಟ್ಟಿ ಬಿಚ್ಚುವ ಅಜ್ಜ ಹೀಗೆಂದಾಗ ಅವಳು ನಕ್ಕುಬಿಟ್ಟಳು. ದೊಡ್ಡ ಬಂದರಿನಲ್ಲಿ ಕೆಲಸ ಕಲಿತವಳು, ದ್ವೀಪದ ಈ ದಾರಿಗೆ ಹೊಸಬಳು. “ಬಸ್ಸಿನೋರೂ ಹೀಗೇ ಅಂತಾರೆ ಅಜ್ಜ. ಅವರಿಗೆ ಮನೆ ಸೇರೋ ಅವಸರ ಅಷ್ಟೆ,” ಎಂದಳು.

ಅಜ್ಜ ನಗಲಿಲ್ಲ. ಹಗ್ಗ ಸುತ್ತುತ್ತಲೇ ಹಳೆಯ ಸಂಗತಿ ಹೇಳಿದ. ಒಮ್ಮೆ ಒಬ್ಬ ತಾಯಿ ಜ್ವರದ ಮಗುವನ್ನು ಎತ್ತಿಕೊಂಡು ದ್ವೀಪದಲ್ಲಿ ಲಾಂಚು ನಿಲ್ಲುವ ಕಟ್ಟೆಗೆ ಓಡಿಬಂದಳಂತೆ. ಹಗ್ಗ ಆಗಷ್ಟೇ ಬಿಚ್ಚಿಯಾಗಿತ್ತು. ಆಗಿನ ಡ್ರೈವರ್ ನೋಡಿಯೂ ನೋಡದವನಂತೆ ಹೊರಟ. ನಡುನೀರಿನಲ್ಲಿ ಮನಸ್ಸು ಕರಗಿ ತಿರುಗಿ ಬರುವಷ್ಟರಲ್ಲಿ ಮಗು ತಣ್ಣಗಾಗಿತ್ತು. ತಾಯಿ ತಲೆಗೂದಲು ಕಿತ್ತು ಕಟ್ಟೆಯ ಕಂಬಕ್ಕೆ ಸುತ್ತಿದಳು. ಅದರ ಬುಡದಲ್ಲಿ ಬಟ್ಟೆಯ ಬೊಂಬೆ ಸುಟ್ಟು ಬೂದಿ ಹೂತಳು. ‘ತಡವಾಗಿ ತಿರುಗಿ ಬಂದವರು ತಮ್ಮದನ್ನ ಇಲ್ಲೇ ಬಿಟ್ಟು ಹೋಗ್ಲಿ’ ಎಂದು ಶಪಿಸಿ ನೀರಿಗಿಳಿದಳು. ಡ್ರೈವರನ ಜೊತೆ ಲಾಂಚಿನಲ್ಲಿದ್ದ ಅವನ ತಮ್ಮ ಆ ಸಂಜೆ ಮನೆ ಸೇರಲಿಲ್ಲ.

ಆ ಕಂಬ ಈಗಲೂ ಇತ್ತು. ಹಕ್ಕಿಗೂಡಿನ ಹಾಗೆ ಏನೋ ಕಪ್ಪಗೆ ಸುತ್ತಿಕೊಂಡಿತ್ತು. “ಪಾಚಿ ಅಜ್ಜ, ಬರೀ ಪಾಚಿ,” ಎಂದು ಡ್ರೈವರಮ್ಮ ಬೆರಳಿನಿಂದ ಕೆದಕಿದಳು. ಆಮೇಲೆ ಎಷ್ಟು ಸೋಪು ಹಚ್ಚಿದರೂ ಬೆರಳಿಗಂಟಿದ ಸುಟ್ಟ ಕೂದಲ ವಾಸನೆ ಹೋಗಲಿಲ್ಲ.

ಮಂಜು ಕವಿದ ಒಂದು ಸಂಜೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಮಗಳು ಪುಟ್ಟಿಯೂ ಲಾಂಚಿನಲ್ಲಿದ್ದಳು. ದಾರಿಯುದ್ದಕ್ಕೂ ಅಜ್ಜನಿಗೆ ಒಗಟು ಕೇಳಿ ಕೇಳಿ ಸುಸ್ತಾಗಿ, ಸ್ಟೀರಿಂಗ್ ಚಕ್ರದ ಹಿಂದಿನ ಬೆಂಚಿನಲ್ಲಿ ಅಮ್ಮನ ಶಾಲು ಹೊದ್ದು ಮಲಗಿಬಿಟ್ಟಿದ್ದಳು. ದ್ವೀಪದವರೆಲ್ಲ ಇಳಿದು ಹೋದರು. ಖಾಲಿ ಲಾಂಚು ಕಟ್ಟೆ ಬಿಟ್ಟಿತು. ಹಿಂದಿನಿಂದ ಒಬ್ಬ ಹೆಂಗಸಿನ ಕೂಗು.

“ಅಕ್ಕಾ... ನಿಲ್ಸಕ್ಕಾ... ಮಗು ಉಸಿರಾಡ್ತಿಲ್ಲ...”

ಅಜ್ಜ ಬಂದು ಚಕ್ರಕ್ಕೆ ಅಡ್ಡ ನಿಂತ. ಆಸ್ಪತ್ರೆ ಇರುವುದು ಆಚೆ ದಡದಲ್ಲಿ ಮಾತ್ರ. ಪುಟ್ಟಿಗೆ ಜ್ವರ ಬಂದಾಗ ಎದೆಗವಚಿಕೊಂಡು ಕೂತ ರಾತ್ರಿಗಳು ಅವಳಿಗೆ ನೆನಪಾದವು. ಅಂಥ ಕೂಗು ಕೇಳಿಯೂ ಬೆನ್ನು ತಿರುಗಿಸುವ ಹೆತ್ತವಳು ಯಾರು? ಅಜ್ಜನನ್ನು ಮೆಲ್ಲಗೆ ಸರಿಸಿ ಚಕ್ರ ತಿರುಗಿಸಿದಳು.

ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಸುಟ್ಟ ಕೂದಲ ವಾಸನೆ ಮಾತ್ರ. ಯಾರೋ ಹತ್ತಿದಂತೆ ಲಾಂಚು ಒಂದು ಬದಿಗೆ ವಾಲಿತು. ಯಾರೋ ಇಳಿದಂತೆ ಮತ್ತೆ ನೆಟ್ಟಗಾಯಿತು. ಹಿಂದೆ ನೋಡಿದಳು. ಶಾಲಿನಡಿ ಪುಟ್ಟಿ ಮಲಗಿಯೇ ಇದ್ದಳು.

ಆಚೆ ದಡದಲ್ಲಿ ಮಗಳನ್ನು ಎತ್ತಿಕೊಳ್ಳಲು ಬಗ್ಗಿದಳು. ಮೈ ಕೆಂಡದಂತೆ ಸುಡುತ್ತಿತ್ತು. ಶಾಲು ಸರಿಸಿದಳು. ಪುಟ್ಟಿಯದೇ ಫ್ರಾಕು. ಮುಖ ಬೇರೆ. ಯಾರದೋ ಮಗು ಕಣ್ಣು ಬಿಟ್ಟು, ಗೊರಗೊರ ಉಸಿರೆಳೆದು ಕೇಳಿತು.

“ನಮ್ಮಮ್ಮ ಎಲ್ಲಿ?”

ಅದೇ ಹೊತ್ತಿಗೆ ನೀರಿನಾಚೆಯಿಂದ, ಮಂಜಿನೊಳಗಿಂದ, ಪುಟ್ಟಿಯ ದನಿ. “ಅಮ್ಮಾ...”

ದಡದಲ್ಲಿ ಟಿಕೆಟು ಕೊಡುವ ಹೆಂಗಸಿನ ಕೈಗೆ ಆ ಮಗುವನ್ನಿಟ್ಟು ಆಸ್ಪತ್ರೆಗೆ ಓಡಲು ಹೇಳಿದಳು. ಮತ್ತೆ ಲಾಂಚು ಹತ್ತಿದಳು. ಅಜ್ಜನೂ ಹತ್ತಿದ.

“ಈಗಲೂ ತಡವಾಗೇ ಹೋಗ್ತಿದ್ದೀರಿ, ತಾಯಿ. ಆ ಕಂಬ ಸುಮ್ನೆ ಬಿಟ್ಕೊಡಲ್ಲ, ಬದಲಿಗೆ ಇನ್ನೊಂದು ಜೀವ ಕೇಳುತ್ತೆ.”

“ಕೇಳ್ಲಿ. ನಾನಿದ್ದೀನಲ್ಲ.”

ಮಂಜು. ಎಂಜಿನ್ನಿನ ಏದುಸಿರು. ಮೂಗು ಕಟ್ಟುವ ವಾಸನೆ. ಕಟ್ಟೆ ಬಂತು. ಕಂಬದ ಪಕ್ಕದಲ್ಲಿ ಪುಟ್ಟಿ, ಬರಿಗಾಲಲ್ಲಿ, ನಡುಗುತ್ತ. ಡ್ರೈವರಮ್ಮ ಹಾರಿ ಇಳಿದಳು. ಎತ್ತಿ ಅಪ್ಪಿದಳು. ಹಣೆ ಮುಟ್ಟಿ ನೋಡಿದಳು, ಬೆಚ್ಚಗಿತ್ತು. ನೆತ್ತಿ ಮೂಸಿದಳು, ತನ್ನದೇ ಮಗು. ಅಜ್ಜನ ಕೈಗೆ ದಾಟಿಸಿದಳು.

ತಾನು ಹತ್ತಲು ಹೋದಳು. ಪಾದ ಏಳಲಿಲ್ಲ. ಎಳೆದಳು. ಏಳಲಿಲ್ಲ. ಒದ್ದೆ ಕೂದಲು ಹಿಮ್ಮಡಿಯಿಂದ ಮೊಣಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಮೆತ್ತಗೆ, ಅವಸರವಿಲ್ಲದೆ.

ಅಜ್ಜನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಮಗುವನ್ನು ಬೆಂಚಿನಲ್ಲಿ ಕೂರಿಸಿ ಕೈಮುಗಿದು, ತಲೆ ತಗ್ಗಿಸಿ ಹಗ್ಗ ಬಿಚ್ಚಿ ತಾನೇ ಚಕ್ರ ಹಿಡಿದ.

“ಅಮ್ಮ ಬರ್ಲಿಲ್ಲ ಅಜ್ಜ. ಅಮ್ಮ ಅಲ್ಲೇ ಇದ್ದಾಳೆ,” ಎನ್ನುತ್ತಿತ್ತು ಮಗು. ಆಮೇಲೆ ಅಳು. ಆಮೇಲೆ ಮಂಜು ಸೀಳುವ ಕೂಗು. “ಅಮ್ಮಾ... ಒಂದ್ಸಲ ಓ ಅನ್ನಮ್ಮಾ...”

ಓಗೊಟ್ಟರೆ ಮಗು ಹಟ ಹಿಡಿಯುತ್ತದೆ. ಹಟ ಹಿಡಿದರೆ ಅಜ್ಜನ ಮನಸ್ಸು ಕರಗುತ್ತದೆ. ಲಾಂಚು ತಿರುಗುತ್ತದೆ.

ಗಂಟಲಿಗೆ ಬಂದ ದನಿಯನ್ನು ತಡೆಯಲು ಅವಳು ಮುಂಗೈಯನ್ನು ಬಾಯಿಗಿಟ್ಟು ಕಚ್ಚಿದಳು. ಬಾಯಿ ರಕ್ತದಿಂದ ಉಪ್ಪುಪ್ಪಾಯಿತು. ಎಂಜಿನ್ನಿನ ಸದ್ದು ಪೂರ್ತಿ ಕರಗಿದ ಮೇಲೂ ಹಲ್ಲು ಸಡಿಲಿಸಲಿಲ್ಲ.